ಮುಚ್ಚಳಿಕೆ ಬರೆಸಿದ ಮೇಲೆ ಆ ಮನೆಗೆ ಯಾರು ಹೋಗುತ್ತಾರೆ?

ಮಾನ್ಯ ಸಂಪಾದಕರೇ,

ಮಹಾಶಿವರಾತ್ರಿ ಕಳೆದು ಮದುವೆಗಳ ಕಾಲ ಬಂತೆಂದರೆ ‘ಬಾಲ್ಯವಿವಾಹ ತಡೆದ ಅಧಿಕಾರಿಗಳು’ ಎಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತದೆ. ಸುದ್ದಿ ಮುಗಿಯುವುದು ಬಹುಪಾಲು ಒಂದೇ ಸಾಲಿನಲ್ಲಿ: ಹದಿನೆಂಟು ತುಂಬುವ ತನಕ ಮಗಳ ಮದುವೆ ಮಾಡುವುದಿಲ್ಲವೆಂದು ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಕಾಡಂಚಿನ ಊರು, ಬುಡಕಟ್ಟಿನವರ ಪೋಡು, ಹಾಡಿಗಳನ್ನು ಸುತ್ತಿ ಮಕ್ಕಳ ರಕ್ಷಣೆಯ ಕೆಲಸ ಮಾಡುವವರಿಗೆ ಕೆಲಸ ಶುರುವಾಗುವುದೇ ಆ ಸಾಲಿನ ನಂತರ. ಮಗು ಉಳಿಯುವುದೋ ಕೈತಪ್ಪುವುದೋ ತೀರ್ಮಾನವಾಗುವುದು ಎರಡನೆಯ, ಮೂರನೆಯ, ಐದನೆಯ ಭೇಟಿಯಲ್ಲಿ. ಆ ಭೇಟಿಗಳಿಗೆ ಈಗ ಸಾಕಷ್ಟು ಜನವಿಲ್ಲ, ವಾಹನವಿಲ್ಲ, ತಿಂಗಳ ವರದಿಯಲ್ಲಿ ಅವನ್ನು ಗಂಭೀರವಾಗಿ ಕೇಳುವವರೂ ಇಲ್ಲ. ಈ ವಿಚಾರವನ್ನು ನಿಮ್ಮ ಓದುಗರ ಮುಂದೆ ಸ್ವಲ್ಪ ವಿವರವಾಗಿಯೇ ಇಡಬೇಕಾಗಿದೆ.

ಮೊದಲು ಜನಬಲ. 2009-10ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಾಗಿ ಶುರುವಾಗಿ ಈಗ ಮಿಷನ್ ವಾತ್ಸಲ್ಯ ಎಂದು ಕರೆಸಿಕೊಳ್ಳುವ ವ್ಯವಸ್ಥೆಯಲ್ಲಿ ಪ್ರತಿ ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕವಿದೆ. ಅದರ ಮಾದರಿ ಹುದ್ದೆಗಳಲ್ಲಿ ಊರೂರು ತಿರುಗಲೆಂದೇ ಇರುವ ಕ್ಷೇತ್ರ ಕಾರ್ಯಕರ್ತರು ಇಡೀ ಜಿಲ್ಲೆಗೆ ಇಬ್ಬರು, ಸಾಮಾಜಿಕ ಕಾರ್ಯಕರ್ತರು ಇಬ್ಬರು. 2023ರಿಂದ ಮಕ್ಕಳ 1098 ಸಹಾಯವಾಣಿಯನ್ನು ಸರ್ಕಾರವೇ ನಡೆಸಲು ಶುರುಮಾಡಿ ತುರ್ತು ಸಂಖ್ಯೆ 112ರ ಜೊತೆ ಜೋಡಿಸಿತು. ಅದರ ಜಿಲ್ಲಾ ಘಟಕದಲ್ಲಿ ಮೂವರು ಮೇಲ್ವಿಚಾರಕರು, ಮಕ್ಕಳ ಪ್ರಕರಣ ನೋಡಿಕೊಳ್ಳುವ ಮೂವರು ಕೇಸ್ ವರ್ಕರ್‌ಗಳು. ಸಹಾಯವಾಣಿ ಹಗಲು ರಾತ್ರಿ ನಡೆಯಬೇಕಾದ್ದರಿಂದ ಇವರು ಪಾಳಿಯಲ್ಲಿರುತ್ತಾರೆ. ಅಂದರೆ ಒಂದು ಹೊತ್ತಿನಲ್ಲಿ ಇಡೀ ಜಿಲ್ಲೆಗೆ ಒಬ್ಬರೋ ಇಬ್ಬರೋ.

ಚಾಮರಾಜನಗರದಂಥ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಗುಂಡ್ಲುಪೇಟೆಯ ಬಂಡೀಪುರದ ಅಂಚು. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿ ಸಂಚಾರವೇ ಬಂದ್. ಇನ್ನೊಂದು ತುದಿಯಲ್ಲಿ ಹನೂರು ತಾಲ್ಲೂಕಿನ ಪಾಲಾರ್, ಅದಾಚೆ ತಮಿಳುನಾಡು. ಜಿಲ್ಲಾ ಕೇಂದ್ರದಿಂದ ಮಲೆ ಮಹದೇಶ್ವರ ಬೆಟ್ಟಕ್ಕೇ ನೂರು ಕಿಲೋಮೀಟರಿಗೂ ಹೆಚ್ಚು. ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದಂಥ ಊರುಗಳಿಗೆ ಬೆಟ್ಟದಿಂದ ಮುಂದೆ ಕಾಡಿನೊಳಗಿನ ಕಲ್ಲುದಾರಿ. ಮಳೆಗಾಲದಲ್ಲಿ ಜೀಪೂ ಒದ್ದಾಡುತ್ತದೆ, ಆನೆಯ ಭಯಕ್ಕೆ ಸಂಜೆ ನಾಲ್ಕರೊಳಗೆ ಹೊರಡಲೇಬೇಕು. ಒಂದು ಮನೆಯ ಒಂದು ಭೇಟಿಗೆ ಪೂರ್ತಿ ಒಂದು ದಿನ ಹೋಗುತ್ತದೆ. ಪಟ್ಟಣದ ಬಡಾವಣೆಯಲ್ಲಿ ಅದೇ ದಿನದಲ್ಲಿ ಐದಾರು ಮನೆ ಮುಗಿಸಬಹುದು. ಪ್ರಗತಿ ಪರಿಶೀಲನೆಯಲ್ಲಿ ಎರಡಕ್ಕೂ ಒಂದೇ ಅಳತೆ. ಹೀಗಾಗಿ ದೂರದ ಮನೆಯ ಭೇಟಿಗಳು ಮುಂದಿನ ವಾರಕ್ಕೆ, ಮುಂದಿನ ತಿಂಗಳಿಗೆ ಜಾರುತ್ತವೆ.

ಮುಚ್ಚಳಿಕೆಯ ನಂತರ ಏನಾಗುತ್ತದೆ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಚಪ್ಪರ ಕಳಚುತ್ತಾರೆ, ನೆಂಟರು ಹೊರಡುತ್ತಾರೆ. ಹುಡುಗಿಯನ್ನು ಅಕ್ಕನ ಮನೆಗೋ ಸೋದರಮಾವನ ಮನೆಗೋ ಕಳಿಸುತ್ತಾರೆ. ಹನೂರಿನ ಕಡೆಯಾದರೆ ಆ ಮನೆ ಗಡಿಯಾಚೆ ಮೆಟ್ಟೂರು ಸೀಮೆಯಲ್ಲೋ ಬರಗೂರು ಬೆಟ್ಟದಲ್ಲೋ ಇರುವುದುಂಟು. ಅಲ್ಲಿ ಬೆಳಗಿನ ಜಾವ ಯಾವುದೋ ಗುಡಿಯಲ್ಲಿ ತಾಳಿ ಬೀಳುತ್ತದೆ. ಇತ್ತ ಕಡತದಲ್ಲಿ ‘ವಿವಾಹ ತಡೆಯಲಾಗಿದೆ’ ಎಂದು ಷರಾ ಬಿದ್ದಿರುತ್ತದೆ. ಎರಡು ರಾಜ್ಯಗಳ ಪೊಲೀಸರು, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ಆದೇಶ ಕೊಡುವ ಎರಡು ಜಿಲ್ಲೆಗಳ ಮಕ್ಕಳ ಕಲ್ಯಾಣ ಸಮಿತಿಗಳ ನಡುವೆ ಪತ್ರ ಓಡಾಡಿ ಮುಗಿಯುವ ಹೊತ್ತಿಗೆ ಹುಡುಗಿಗೆ ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಆಗಿರುತ್ತದೆ.

ಇದನ್ನು ತಡೆಯಲು ಕಾನೂನಿನಲ್ಲಿ ಗಟ್ಟಿ ಹಿಡಿತವಿದೆ, ಬಳಕೆ ಕಡಿಮೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ 13ನೇ ಕಲಮಿನಡಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ತುರ್ತಿದ್ದರೆ ಎದುರು ಪಕ್ಷಕ್ಕೆ ನೋಟಿಸ್ ಕೊಡದೆಯೇ ಮಧ್ಯಂತರ ಆಜ್ಞೆ ಸಿಗುತ್ತದೆ. ಅದನ್ನು ಮೀರಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆಜ್ಞೆ ಮೀರಿ ನಡೆದ ಮದುವೆ 14ನೇ ಕಲಮಿನಂತೆ ಅಸಿಂಧು. ಕರ್ನಾಟಕದಲ್ಲಂತೂ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಇದನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಮೆಚ್ಚಿಕೊಂಡು ಬರೆದಿದೆ. ಮುಚ್ಚಳಿಕೆಗೆ ಈ ಯಾವ ಬಲವೂ ಇಲ್ಲ. ಅದು ಅಪ್ಪ ಸಹಿ ಹಾಕಿದ ಬಿಳಿ ಹಾಳೆ. ಆದರೂ ಮುಚ್ಚಳಿಕೆಯೇ ಏಕೆ ನಡೆಯುತ್ತದೆಂದರೆ, ಅದು ಸ್ಥಳದಲ್ಲೇ ಮುಗಿಯುತ್ತದೆ. ತಡೆಯಾಜ್ಞೆಗೆ ಮರುದಿನ ನ್ಯಾಯಾಲಯಕ್ಕೆ ಹೋಗಬೇಕು, ವಯಸ್ಸಿನ ದಾಖಲೆಯ ದೃಢೀಕೃತ ನಕಲು ಬೇಕು, ಮದುವೆ ಮಂಟಪದ್ದೋ ಲಗ್ನಪತ್ರಿಕೆಯದ್ದೋ ಪುರಾವೆ ಬೇಕು, ಆಜ್ಞೆ ಬಂದ ಮೇಲೆ ಅದನ್ನು ಮತ್ತೆ ಊರಿಗೆ ಒಯ್ದು ಜಾರಿ ಮಾಡಬೇಕು. ಇಷ್ಟಕ್ಕೆ ಕೊನೆಪಕ್ಷ ಮೂರು ಓಡಾಟ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೀಗೆ ನಮ್ಮಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳು ಅನೇಕರಿದ್ದಾರೆ. ಅನೇಕರಿರುವುದರಿಂದಲೇ ಈ ಮೂರು ಓಡಾಟ ಯಾರದೆಂದು ತೀರ್ಮಾನವಾಗುವುದಿಲ್ಲ.

ವಯಸ್ಸಿನ ದಾಖಲೆಯದೇ ಒಂದು ದೊಡ್ಡ ಕಥೆ. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಮಿನಂತೆ ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಈ ಸಾಲಿನಲ್ಲೇ ಇಲ್ಲ. ಆದರೆ ಊರಿನಲ್ಲಿ ತಂದು ತೋರಿಸುವುದು ಆಧಾರನ್ನೇ, ಅದರಲ್ಲೂ ಇತ್ತೀಚೆಗೆ ತಿದ್ದಿಸಿಕೊಂಡ ಆಧಾರನ್ನು. ಮನೆಯಲ್ಲೇ ಹೆರಿಗೆಯಾದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಎಂದು ಬರೆದಿರುವುದು ಸಾಮಾನ್ಯ. ಅದನ್ನೇ ಹಿಡಿದು ‘ಇದು ಸುಳ್ಳು ತಾರೀಖು, ಮಗಳಿಗೆ ಹದಿನೆಂಟಾಗಿದೆ’ ಎಂದು ವಾದ ಬರುತ್ತದೆ. ಅದಕ್ಕೆ ಹೊರಡುವ ಮೊದಲೇ ದಾಖಲಾತಿ ಪುಸ್ತಕದ ನಕಲು, ಅಂಗನವಾಡಿಯ ಮಕ್ಕಳ ಪಟ್ಟಿ, ಆಶಾ ಅಥವಾ ದಾದಿಯ ಬಳಿ ಇರುವ ಚುಚ್ಚುಮದ್ದಿನ ವಿವರ, ತಾಯಿಯ ಹಳೆಯ ತಾಯಿ ಕಾರ್ಡ್, ಇವನ್ನು ಹೊಂದಿಸಿ ನೋಡಿಕೊಂಡಿರಬೇಕು. ಅಣ್ಣ, ತಂಗಿಯರ ಹುಟ್ಟಿದ ತಾರೀಖುಗಳನ್ನೂ ಬರೆದುಕೊಳ್ಳಬೇಕು. ಇಬ್ಬರ ನಡುವೆ ನಾಲ್ಕು ತಿಂಗಳ ಅಂತರ ಬಂದರೆ ಯಾವುದೋ ಒಂದು ತಾರೀಖು ತಿದ್ದಿದ್ದು ಎಂದು ಅಲ್ಲೇ ಗೊತ್ತಾಗುತ್ತದೆ.

ಊರಿಗೆ ಹೋಗುವ ರೀತಿಯೇ ಅರ್ಧ ಕೆಲಸ. ‘ಕರ್ನಾಟಕ ಸರ್ಕಾರ’ ಎಂಬ ಫಲಕದ ಜೀಪು ನಲವತ್ತು ಮನೆಯ ಪೋಡಿಗೆ ಹೋಗಿ ನೇರ ಒಂದೇ ಮನೆಯ ಮುಂದೆ ನಿಂತರೆ ಸಂಜೆಯೊಳಗೆ ಯಾವ ಮಗು, ಏನು ವಿಷಯ, ದೂರು ಹೇಳಿದವರು ಯಾರು ಎಂಬುದೆಲ್ಲ ಊರಿನ ಬಾಯಲ್ಲಿರುತ್ತದೆ. ದೂರು ಹೇಳಿದವರು ಬಹುಪಾಲು ಶಿಕ್ಷಕಿ, ಆಶಾ, ಇಲ್ಲವೇ ಆ ಹುಡುಗಿಯ ಗೆಳತಿ. ಮುಂದಿನ ಸಲ ಅವರು ಬಾಯಿ ತೆರೆಯುವುದಿಲ್ಲ. ಆದ್ದರಿಂದ ವಾಹನ ಶಾಲೆಯ ಬಳಿ ನಿಲ್ಲಿಸಿ, ನಡೆದು ಹೋಗಿ, ನಾಲ್ಕಾರು ಮನೆ ಮಾತಾಡಿಸಿ, ಅವುಗಳ ನಡುವೆ ಆ ಮನೆಯನ್ನೂ ನೋಡಬೇಕು. ಇಬ್ಬರು ಹೋಗಬೇಕು, ಒಬ್ಬರು ಹೆಂಗಸಾಗಿರಲೇಬೇಕು. ಊರ ಯಜಮಾನರ ಮನೆಯಲ್ಲಿ ಊಟಕ್ಕೆ ಕೂತರೆ ಇನ್ನೊಂದು ಬಣದ ಮನೆ ಮುಚ್ಚಿದಂತೆಯೇ. ನೀರು ಕೊಟ್ಟರೆ ಎಲ್ಲರ ಮನೆಯಲ್ಲೂ ಕುಡಿಯಬೇಕು, ಊಟದ ಬುತ್ತಿ ತಾವೇ ಒಯ್ಯಬೇಕು. ಅಂಗನವಾಡಿ ಕಾರ್ಯಕರ್ತೆ ಮಾಹಿತಿಗೆ ಬಹಳ ಸಹಾಯ, ಆದರೆ ಸಣ್ಣ ಊರುಗಳಲ್ಲಿ ಆಕೆ ಅದೇ ಮನೆತನದವರಾಗಿರುವ ಸಂಭವ ಹೆಚ್ಚು. ಆಕೆಯನ್ನು ಪಕ್ಕ ಕೂರಿಸಿಕೊಂಡು ಮಗುವಿನ ಹೇಳಿಕೆ ಬರೆದುಕೊಳ್ಳುವುದು ತಪ್ಪು.

ಮಗುವಿನ ಜೊತೆ ಮಾತಾಡುವಾಗ ಮನೆಯವರಿಗೆ ಕಣ್ಣಿಗೆ ಕಾಣುವಷ್ಟು ಹತ್ತಿರ, ಕಿವಿಗೆ ಕೇಳದಷ್ಟು ದೂರ ಕೂರಬೇಕು. ಮನೆಯ ಹಿಂದಿನ ಜಗಲಿ, ಶಾಲೆಯ ಹೊರಾಂಗಣ, ಹೊಲದ ಬದು ಯಾವುದಾದರೂ ಆದೀತು. ‘ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತೀಯವ್ವ?’ ಎಂಬ ಪ್ರಶ್ನೆಯಿಂದ ತಿಳಿಯುವಷ್ಟು ‘ನಿನಗೆ ಮದುವೆ ಇಷ್ಟವಿದೆಯಾ?’ ಎಂಬುದರಿಂದ ತಿಳಿಯುವುದಿಲ್ಲ. ಎರಡನೆಯದಕ್ಕೆ ಉತ್ತರ ಮೊದಲೇ ಕಲಿಸಿಟ್ಟಿರುತ್ತಾರೆ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು, ಏಕೆಂದರೆ ಹೇಳಲೇಬೇಕಾಗುತ್ತದೆ. ಯಾರಿಗೆ ಹೇಳಬೇಕಾಗುತ್ತದೆ, ಏಕೆ ಎಂಬುದನ್ನೇ ಮೊದಲು ತಿಳಿಸಬೇಕು. ಮಗು ಆಡಿದ ಮಾತನ್ನು ಅದರ ನುಡಿಯಲ್ಲೇ ಬರೆದುಕೊಳ್ಳಬೇಕು. ಸೋಲಿಗರ ಮಗುವಿನ ಮಾತನ್ನು ಕಚೇರಿ ಕನ್ನಡಕ್ಕೆ ತಿದ್ದಿದರೆ ಅರ್ಥವೂ ತಿದ್ದಿಹೋಗುತ್ತದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ವಿಚಾರಣೆಗೆ ಇಳಿಯಲೇಬಾರದು. ಏನಾಯಿತು, ಯಾರು, ಕೊನೆಯ ಬಾರಿ ಯಾವಾಗ, ಇವತ್ತು ರಾತ್ರಿ ಎಲ್ಲಿ ಮಲಗಿದರೆ ಕ್ಷೇಮ, ಈ ನಾಲ್ಕು ಸಾಕು. ಉಳಿದದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಬರುವ ಮಾತು. ಶಿಕ್ಷಕಿಗೆ ಒಮ್ಮೆ, ಸಿಡಿಪಿಒಗೆ ಒಮ್ಮೆ, ಪೊಲೀಸರಿಗೆ ಒಮ್ಮೆ, ವೈದ್ಯರಿಗೆ ಒಮ್ಮೆ ಹೇಳಿ ಹೇಳಿ ಮಗು ಕೊನೆಗೆ ‘ಏನೂ ಆಗಿಲ್ಲ’ ಎನ್ನುತ್ತದೆ, ಪ್ರಕರಣ ಅಲ್ಲಿಗೆ ಬೀಳುತ್ತದೆ.

ಇಂಥ ಪ್ರಕರಣದಲ್ಲಿ 72 ಗಂಟೆ ಎಂಬುದನ್ನು ಕೇಸ್ ವರ್ಕರ್ ನೆನಪಿನಲ್ಲಿಡಬೇಕು. ಎಚ್‌ಐವಿ ತಡೆಯುವ ಔಷಧ, ಗರ್ಭ ನಿಲ್ಲದಂತೆ ಕೊಡುವ ಮಾತ್ರೆ ಅಷ್ಟರೊಳಗೆ ಶುರುವಾಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಬಾಲಕಿಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕೆಂದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ವೈದ್ಯೆ ಇಲ್ಲದಿದ್ದರೆ ಅಲ್ಲಿಂದ ಮುಂದಿನ ಊರಿಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಎಂದು ಅಲೆಯುವಾಗ ಹೋಗುವುದು ಈ ಗಂಟೆಗಳೇ. ಹೊರಡುವ ಮುನ್ನ ಫೋನ್ ಸಿಗ್ನಲ್ ಸಿಗುವ ಜಾಗದಿಂದಲೇ ಯಾವ ಆಸ್ಪತ್ರೆಯಲ್ಲಿ ವೈದ್ಯೆ ಕೆಲಸದಲ್ಲಿದ್ದಾರೆ ಎಂದು ಕೇಳಿ ನೇರ ಅಲ್ಲಿಗೇ ಹೋಗುವುದು ಜಾಣತನ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಒಗ್ಗುವ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಠಾಣೆಯವರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಇದಾಗದಿದ್ದರೆ ಪ್ರಕರಣದುದ್ದಕ್ಕೂ ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಯ ನೇಮಕವೂ ತಡವಾಗುತ್ತದೆ. ಆಸ್ಪತ್ರೆ, ಠಾಣೆ, ನ್ಯಾಯಾಲಯ ಎಲ್ಲೂ ತಮ್ಮವರೆನ್ನುವ ಒಬ್ಬರಿಲ್ಲದೆ ಕಾಡಿನ ಊರಿನ ಕುಟುಂಬ ಕಂಗಾಲಾಗುತ್ತದೆ.

ಅತಿ ಕಷ್ಟದ ಕೆಲಸ ಹದಿನಾರು ಹದಿನೇಳರ ಬಸುರಿ ಹುಡುಗಿಯದು. ಪೋಕ್ಸೊ 19ನೇ ಕಲಮಿನಂತೆ ತಿಳಿದವರು ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆಯಿದೆ. ಈ ಸಂಗತಿ ಊರುಗಳಿಗೆ ಚೆನ್ನಾಗಿ ಗೊತ್ತಾಗಿದೆ. ಫಲವಾಗಿ ಹುಡುಗಿಯನ್ನು ಆಸ್ಪತ್ರೆಗೇ ಕರೆತರುವುದಿಲ್ಲ, ತಂದರೂ ವಯಸ್ಸು ಹತ್ತೊಂಬತ್ತು ಎಂದು ಬರೆಸುತ್ತಾರೆ. ರಕ್ತಹೀನತೆ, ರಕ್ತದೊತ್ತಡ ಯಾವುದೂ ನೋಡದೆ ತಿಂಗಳು ಕಳೆಯುತ್ತದೆ. ವರದಿ ಬೇಡ ಎಂದು ನಾವು ಹೇಳುತ್ತಿಲ್ಲ. ವರದಿ ಮಾಡುವವರೇ ಚಿಕಿತ್ಸೆಯ ದಾರಿಯನ್ನೂ ಹಿಡಿದುಕೊಂಡಿರಬೇಕು ಎನ್ನುತ್ತೇವೆ. ಅಪ್ರಾಪ್ತೆಗೆ ಗರ್ಭಪಾತ ಬೇಕಿದ್ದರೆ ಕಾನೂನು 24 ವಾರದವರೆಗೆ ಒಪ್ಪುತ್ತದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತು ಬಿಟ್ಟುಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಇದನ್ನು ಬಲ್ಲ ಒಬ್ಬರು ಹನ್ನೆರಡನೇ ವಾರದಲ್ಲಿ ಆ ಮನೆಗೆ ಹೋದರೆ ಹುಡುಗಿಯ ಮುಂದೆ ದಾರಿಗಳಿರುತ್ತವೆ, ಇಪ್ಪತ್ತೆಂಟನೇ ವಾರದಲ್ಲಿ ಹೋದರೆ ಇರುವುದಿಲ್ಲ.

ಮಗುವನ್ನು ಊರಿನಿಂದ ಕರೆದೊಯ್ಯಲೇಬೇಕಾದ ಸಂದರ್ಭ ಬಂದರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂತಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದೆಯೂ ಆಗುತ್ತದೆ. ಜೊತೆಗೆ ಹಾಜರುಪಡಿಸುವಾಗಿನ ವರದಿ, ಅಂದರೆ ನಮೂನೆ 17, ಇರಬೇಕು. ಕಾಡಿನಲ್ಲಿ ಮುದ್ರಿಸಿಕೊಳ್ಳುವ ಅಂಗಡಿ ಇರುವುದಿಲ್ಲವಾದ್ದರಿಂದ ಖಾಲಿ ನಮೂನೆಗಳು, ಕಾರ್ಬನ್ ಹಾಳೆ, ಹೆಬ್ಬೆಟ್ಟಿನ ಶಾಯಿ ಪ್ಯಾಡ್ ಚೀಲದಲ್ಲಿ ಸದಾ ಇರಲಿ. ಟಾರ್ಚ್, ಪವರ್ ಬ್ಯಾಂಕ್, ಒಂದು ಹೊದಿಕೆ, ಒಂದೆರಡು ಅಳತೆಯ ಬಟ್ಟೆ, ಸ್ಯಾನಿಟರಿ ಪ್ಯಾಡ್, ಬಿಸ್ಕತ್ತು, ಒಆರ್‌ಎಸ್ ಕೂಡ. ಕಾರು ಹತ್ತಿಯೇ ಇರದ ಮಕ್ಕಳಿಗೆ ಬೆಟ್ಟದ ತಿರುವುಗಳಲ್ಲಿ ವಾಂತಿ ಖಚಿತ. ಹೊರಡುವಾಗ ಹೊಟ್ಟೆ ತುಂಬ ತಿನ್ನಿಸದೆ, ಮುಂದಿನ ಸೀಟಿನಲ್ಲಿ ಕೂರಿಸಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಕವರ್ ಕೈಗೆ ಕೊಟ್ಟರೆ ಅದರ ಅರ್ಧ ಭಯ ಇಳಿಯುತ್ತದೆ. ತಾಯಿಯಿಂದ ಅಪಾಯವಿಲ್ಲವೆಂದಾದರೆ ತಾಯಿಯನ್ನೂ ಹತ್ತಿಸಿಕೊಳ್ಳಬೇಕು. ಮಗುವನ್ನು ಎಲ್ಲಿಗೆ ಒಯ್ಯುತ್ತಿದ್ದೇವೆ, ಯಾವ ಬಸ್ಸಿಗೆ ಬರಬೇಕು, ಎಲ್ಲಿ ಇಳಿಯಬೇಕು, ಯಾರ ಫೋನು, ಇಷ್ಟನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಓದಿ ಹೇಳಿ ಮನೆಯಲ್ಲಿ ಬಿಟ್ಟು ಬರಬೇಕು. ಇದನ್ನು ಮಾಡದೆ ಬಂದರೆ ‘ಸರ್ಕಾರದವರು ಮಗಳನ್ನು ಎತ್ತಿಕೊಂಡು ಹೋದರು’ ಎಂಬುದೇ ಆ ಸೀಮೆಯಲ್ಲಿ ಹರಡುತ್ತದೆ. ಆಮೇಲೆ ಆ ದಾರಿಯ ಯಾವ ಊರೂ ನಮ್ಮನ್ನು ಒಳಗೆ ಬಿಡುವುದಿಲ್ಲ.

ಸಮಿತಿಯ ಮುಂದೆ ಪೋಷಕರು ಬರುವುದಿಲ್ಲ ಎಂಬ ದೂರು ಸಾಮಾನ್ಯ. ಕಾಡಿನ ಊರಿನಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗಲು ಇಬ್ಬರಿಗೆ ಎರಡು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಹಣ ಬೇರೆ. ಬಂದ ದಿನ ಕಲಾಪ ಮುಂದೂಡಿದರೆ ಎರಡನೇ ಸಲ ಬರುವುದಿಲ್ಲ. ಅವರು ಬಾರದ್ದರಿಂದ ಆದೇಶವಿಲ್ಲ, ಆದೇಶವಿಲ್ಲದ್ದರಿಂದ ಮಗು ಬಾಲಮಂದಿರದಲ್ಲಿ. ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯ ಎಂದು ಬಾಲನ್ಯಾಯ ಕಾಯ್ದೆಯ 3ನೇ ಕಲಮೇ ಹೇಳುತ್ತದೆ. ಬಯಲಲ್ಲಿ ಬೆಳೆದ ಮಗು ಗೇಟು ಹಾಕಿದ ಕಟ್ಟಡದಲ್ಲಿ ಊಟ ಬಿಡುತ್ತದೆ, ಇಲ್ಲವೇ ಓಡಿಹೋಗುತ್ತದೆ. ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಅಂತಿಮ ಆದೇಶ ಮಗು ಮೊದಲು ಹಾಜರಾದಂದಿನಿಂದ ನಾಲ್ಕು ತಿಂಗಳಲ್ಲಿ ಬರಬೇಕು. ಆ ತನಿಖಾ ವರದಿ, ಅಂದರೆ ನಮೂನೆ 22, ದೂರದ ಊರುಗಳ ಮಟ್ಟಿಗೆ ಫೋನಿನಲ್ಲೇ ಮುಗಿಯುವ ಸಂಭವ ಹೆಚ್ಚು. ‘ಕುಟುಂಬ ಕಡುಬಡತನದಲ್ಲಿದೆ, ಪೋಷಕರಿಗೆ ಅರಿವಿನ ಕೊರತೆಯಿದೆ’ ಎಂಬ ಎರಡು ವಾಕ್ಯ ಯಾವ ಮಗುವಿಗೆ ಬೇಕಾದರೂ ಹೊಂದುತ್ತದೆ. ಬೇಕಾದದ್ದು ಬೇರೆ: ಊರಿನ ಶಾಲೆ ಎಷ್ಟನೇ ತರಗತಿಗೆ ಮುಗಿಯುತ್ತದೆ, ಮುಂದಿನದು ಎಷ್ಟು ದೂರ, ಅಪ್ಪ ಅಮ್ಮ ಕೊಡಗಿನ ಕಾಫಿ ಕೊಯ್ಲಿಗೆ ಹೋಗಿ ಲೈನ್ ಮನೆಯಲ್ಲಿರುವ ತಿಂಗಳುಗಳಲ್ಲಿ ಹುಡುಗಿ ಯಾರ ಮನೆಯಲ್ಲಿ ಮಲಗುತ್ತಾಳೆ, ಮನೆಗೆ ಯಾರ ಸಾಲವಿದೆ, ಆ ಸಾಲಕ್ಕೂ ಮದುವೆಗೂ ನಂಟಿದೆಯೇ, ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿದೆಯೇ.

ಈ ಪ್ರಶ್ನೆಗಳನ್ನು ಕೇಳಿದರೆ ಪರಿಹಾರವೂ ಅಲ್ಲೇ ಕಾಣುತ್ತದೆ. ಊರಿನ ಶಾಲೆ ಏಳಕ್ಕೋ ಎಂಟಕ್ಕೋ ಮುಗಿದು, ಹಾಸ್ಟೆಲಿನಲ್ಲಿ ಸೀಟು ಸಿಗದೆ ಹುಡುಗಿ ಮನೆಯಲ್ಲಿ ಕೂತರೆ ಒಂದೆರಡು ವರ್ಷದಲ್ಲಿ ಮದುವೆಯ ಮಾತು ಬರುತ್ತದೆ. ಇಂಥ ಕಡೆ ಭಾಷಣಕ್ಕಿಂತ ಜುಲೈ ತಿಂಗಳಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯಾದ ಕಸ್ತೂರಬಾ ಶಾಲೆಯಲ್ಲೋ ಇಲಾಖೆಯ ಹಾಸ್ಟೆಲಿನಲ್ಲೋ ಗಿಟ್ಟಿಸಿಕೊಟ್ಟ ಒಂದು ಸೀಟು ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ನಾಡಕಚೇರಿಗೆ ಹೋಗಬೇಕು, ಅರ್ಜಿಯ ಒಟಿಪಿ ಬರುವ ಫೋನ್ ಅಪ್ಪನ ಜೊತೆ ಎಸ್ಟೇಟಿನಲ್ಲಿರುತ್ತದೆ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂಬ ನೆರವೂ ಇದೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಅಪ್ಪ ತೀರಿಹೋದ, ಅಮ್ಮ ಒಬ್ಬಳೇ ದುಡಿಯುವ ಮನೆಗೆ ಇದು ದೊಡ್ಡ ಆಸರೆ. ಅರ್ಜಿ ಬೀಳುವುದು ಎಲ್ಲಿ? ಮರಣ ಪ್ರಮಾಣಪತ್ರ ಇರುವುದಿಲ್ಲ, ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ, ಆಧಾರಿನಲ್ಲೊಂದು ಶಾಲೆಯಲ್ಲೊಂದು ಹೆಸರಿನ ಅಕ್ಷರ. ಒಂದೊಂದು ದೋಷ ಸರಿಪಡಿಸಲು ಒಂದೊಂದು ದಿನ. ಇದನ್ನು ಮಾಡುವುದೇ ಮರುಭೇಟಿಯ ಕೆಲಸ.

ಮರುಭೇಟಿಗೆ ತಾರೀಖನ್ನು ಊರಿನ ಕಾಲಮಾನ ನೋಡಿ ಗೊತ್ತುಮಾಡಬೇಕು. ಮುಚ್ಚಳಿಕೆ ಬರೆದ ವಾರದೊಳಗೆ ಒಂದು, ಏಕೆಂದರೆ ಹುಡುಗಿಯನ್ನು ಸಾಗಿಸುವುದು ಆ ವಾರದಲ್ಲೇ. ತಿಂಗಳಿಗೆ ಇನ್ನೊಂದು. ಬೆಟ್ಟದ ಸೀಮೆಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗೆ ನೆಂಟರೆಲ್ಲ ಸೇರುತ್ತಾರೆ, ಮಾತುಕತೆ ಅಲ್ಲೇ ನಡೆಯುತ್ತದೆ. ಜಾತ್ರೆ ಮುಗಿದ ಹತ್ತು ದಿನದೊಳಗೆ ಹೋದರೆ ಸುಳಿವು ಸಿಗುತ್ತದೆ. ಅಕ್ಷಯ ತೃತೀಯದ ಹಿಂದಿನ ವಾರ ಒಂದು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ, ಫೇಲಾದ ಹುಡುಗಿಯರ ಮನೆಗೆ ತಪ್ಪದೆ ಒಂದು. ಆಷಾಢದಲ್ಲಿ ಮದುವೆಗಳಿಲ್ಲ, ಶಾಲೆ, ಹಾಸ್ಟೆಲ್, ಪ್ರಮಾಣಪತ್ರಗಳ ಕೆಲಸ ಆ ತಿಂಗಳಿನಲ್ಲಿ ಮುಗಿಸಬೇಕು. ಪ್ರತಿ ಸಲವೂ ಹುಡುಗಿಯನ್ನು ಕಣ್ಣಾರೆ ನೋಡಬೇಕು. ‘ಅಜ್ಜಿಯ ಮನೆಗೆ ಹೋಗಿದ್ದಾಳೆ’ ಎಂಬ ಉತ್ತರ ಬಂದರೆ ಅಜ್ಜಿಯ ಊರು ಕೇಳಿ ಅಲ್ಲಿಯ ಆಶಾಗೆ ಅಂದೇ ಫೋನ್ ಮಾಡಬೇಕು.

1098ರ ಬಗ್ಗೆಯೂ ಒಂದು ಮಾತು. ಸಿಗ್ನಲ್ ಇಲ್ಲದ ಊರಿನ ಗೋಡೆಯ ಮೇಲೆ ಆ ಸಂಖ್ಯೆ ಬರೆದು ಪ್ರಯೋಜನ ಕಡಿಮೆ. ಗಡಿಯ ಊರುಗಳಲ್ಲಿ ಫೋನ್ ಆಚೆಯ ಟವರ್ ಹಿಡಿದರೆ ಕರೆ ತಮಿಳುನಾಡಿನ ಕಡೆಗೆ ಹೋಗಬಹುದು. ಅಲ್ಲೆಲ್ಲ ಮಕ್ಕಳಿಗೆ ಒಬ್ಬ ಮನುಷ್ಯರ ಪರಿಚಯ ಬೇಕು. ಮಕ್ಕಳ ಗ್ರಾಮಸಭೆ ನಮ್ಮ ರಾಜ್ಯದ ಒಳ್ಳೆಯ ಪದ್ಧತಿ, ಆದರೆ ಪಂಚಾಯಿತಿ ಸದಸ್ಯರು, ಊರ ಹಿರಿಯರು ವೇದಿಕೆಯಲ್ಲಿ ಕೂತಿರುವಾಗ ಮಕ್ಕಳು ಶೌಚಾಲಯ, ಆಟದ ಮೈದಾನ ಕೇಳುತ್ತಾರೆಯೇ ಹೊರತು ಮನೆಯೊಳಗಿನದನ್ನು ಹೇಳುವುದಿಲ್ಲ. ಶಾಲೆಯ ಸಲಹಾ ಪೆಟ್ಟಿಗೆಯ ಬೀಗದ ಕೈ ಶಾಲೆಯವರ ಬಳಿಯೇ ಇರುವ ಬದಲು, ತಿಂಗಳಿಗೊಮ್ಮೆ ಹೊರಗಿನಿಂದ ಬರುವ ಕಾರ್ಯಕರ್ತೆ ತೆರೆಯುವಂತಾದರೆ ಚೀಟಿಗಳು ಬೀಳುತ್ತವೆ.

ಸರ್ಕಾರದಿಂದ ನಾವು ಕೇಳುವುದು ಇಷ್ಟು. ಕಾಡು, ಗುಡ್ಡ, ಗಡಿ ಇರುವ ತಾಲ್ಲೂಕುಗಳಿಗೆ ತಾಲ್ಲೂಕಿನಲ್ಲೇ ವಾಸವಿರುವ ಇಬ್ಬರು ಕೇಸ್ ವರ್ಕರ್‌ಗಳು ಬೇಕು, ಅವರಲ್ಲಿ ಒಬ್ಬರು ಮಹಿಳೆ. ಸ್ಥಳೀಯ ನುಡಿ ಬಲ್ಲವರಿಗೆ, ಸೋಲಿಗ, ಜೇನು ಕುರುಬ, ಲಂಬಾಣಿ ಸಮುದಾಯದ ಓದಿದ ಯುವತಿಯರಿಗೆ ಆದ್ಯತೆ ಸಿಗಲಿ. ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣದ ಹಗ್ಗಜಗ್ಗಾಟದಲ್ಲಿ ಸಿಕ್ಕಿದರೆ ಅನುಭವಿಗಳು ಬಿಟ್ಟುಹೋಗುತ್ತಾರೆ, ಮಕ್ಕಳಿಗೆ ಪರಿಚಯದ ಮುಖವೇ ಉಳಿಯುವುದಿಲ್ಲ. ಭೇಟಿಯ ವಾಹನಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡಲಿ, ಕಾಡುದಾರಿಗೆ ಜೀಪಿನ ದರವೇ ಕೊಡಲಿ. ಸಮಿತಿಯ ಕಲಾಪ ಬಾಲಮಂದಿರದಲ್ಲೋ ಅದರ ಸಮೀಪದಲ್ಲೋ ನಡೆಯಬೇಕೆಂಬುದು ಈಗಿನ ನಿಯಮ. ಅದನ್ನು ಸಡಿಲಿಸಿ ತಿಂಗಳಿಗೆ ಒಂದು ದಿನವಾದರೂ ಹನೂರು, ಎಚ್.ಡಿ. ಕೋಟೆ, ಜೊಯಿಡಾದಂಥ ದೂರದ ತಾಲ್ಲೂಕುಗಳಲ್ಲಿ ಸಮಿತಿ ಕೂರಲಿ, ಬರುವ ಪೋಷಕರಿಗೆ ಬಸ್ಸಿನ ಹಣ ಸಿಗಲಿ. ತಿಂಗಳ ವರದಿಯಲ್ಲಿ ‘ತಡೆದ ವಿವಾಹ’ಗಳ ಪಕ್ಕದಲ್ಲೇ ‘ಆರು ತಿಂಗಳ ನಂತರ ಕಣ್ಣಾರೆ ನೋಡಿದ ಮಕ್ಕಳು’ ಎಂಬ ಕಾಲಂ ಬರಲಿ. ಅದೊಂದು ಬಂದರೆ ಉಳಿದದ್ದಕ್ಕೆ ಒತ್ತಡ ತಾನೇ ಬರುತ್ತದೆ.

ಪತ್ರಿಕೆಗಳಲ್ಲೂ ಒಂದು ಮನವಿ. ಮಗುವಿನ ಗುರುತು ತಿಳಿಯುವಂಥ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಪೋಕ್ಸೊದ 23ನೇ ಕಲಂ ಹೇಳುತ್ತವೆ. ಹೆಸರು ಬದಲಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನಲವತ್ತು ಮನೆಯ ಪೋಡಿನ ಹೆಸರು ಬರೆದು ‘9ನೇ ತರಗತಿಯ ಬಾಲಕಿ’ ಎಂದರೆ ಅಲ್ಲಿ ಆ ತರಗತಿಯಲ್ಲಿ ಓದುವವಳು ಒಬ್ಬಳೇ ಇರುತ್ತಾಳೆ. ತಂದೆಯ ಕೆಲಸ, ಮದುವೆ ಗೊತ್ತಾಗಿದ್ದ ಗುಡಿಯ ಹೆಸರು, ಮುಖ ಮಸುಕು ಮಾಡಿದ ಆದರೆ ಮನೆಯ ಬಾಗಿಲು ಕಾಣುವ ಫೋಟೊ, ಇವೆಲ್ಲ ಗುರುತೇ. ಅಧಿಕಾರಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ರಕ್ಷಿಸಲಾಯಿತು’ ಎಂದು ಹಾಕುವ ಫೋಟೊಗಳಿಗೂ ಇದೇ ಕಾನೂನು ಅನ್ವಯಿಸುತ್ತದೆ, ಬಹಳಷ್ಟು ಸಲ ಸುದ್ದಿಮನೆಗೆ ಚಿತ್ರ ಬರುವುದೂ ಅಲ್ಲಿಂದಲೇ. ದಯವಿಟ್ಟು ತಾಲ್ಲೂಕಿನ ಹೆಸರಿಗೆ ನಿಲ್ಲಿಸಿ. ಮತ್ತು ಬಾಲ್ಯವಿವಾಹ ತಡೆದ ಸುದ್ದಿ ಪ್ರಕಟಿಸಿದ ಆರು ತಿಂಗಳಿಗೆ ನಿಮ್ಮ ವರದಿಗಾರರು ಸಂಬಂಧಪಟ್ಟ ಅಧಿಕಾರಿಗೆ ಒಂದು ಪ್ರಶ್ನೆ ಕೇಳಲಿ: ತಡೆಯಾಜ್ಞೆ ತಂದಿರಾ, ಆ ಮಗು ಈಗ ಯಾವ ಶಾಲೆಯ ಹಾಜರಿಯಲ್ಲಿದೆ?

ಇಂತಿ,
ಮಕ್ಕಳ ರಕ್ಷಣಾ ಕ್ಷೇತ್ರ ಕಾರ್ಯಕರ್ತರು
ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ